ಸೂಪಾದ ತಿಳಿನೀರನ್ನು ನಂಬುವ ಮೊದಲು

ಕಾಳಿ ನದಿಯ ಮಾತು ಬಂದರೆ ನಮ್ಮ ಕಡೆ ಎಲ್ಲರೂ ಒಪ್ಪುವ ತೀರ್ಪೊಂದು ಸಿದ್ಧವಾಗಿಯೇ ಇದೆ: ದಾಂಡೇಲಿಯಿಂದ ಮೇಲೆ ನದಿ ಶುದ್ಧ, ಅಲ್ಲಿಂದ ಕೆಳಗೆ ಹೊಲಸು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿಸುವವರು ಈ ಮಾತು ಹೇಳಿಯೇ ಪ್ರವಾಸಿಗರನ್ನು ಕರೆಯುತ್ತಾರೆ. ದಾಂಡೇಲಿಯ ಕಾಗದ ಕಾರ್ಖಾನೆಯ ವಿರುದ್ಧ ದನಿ ಎತ್ತುವವರಿಗೂ ಇದೇ ಆಧಾರ. ಕುಡಿಯುವ ನೀರಿನ ಯೋಜನೆಯ ಚರ್ಚೆಗಳಲ್ಲಿ ದಾಂಡೇಲಿಯ ಮೇಲಿರುವ ಸೂಪಾ ಜಲಾಶಯದ ಹೆಸರು ಬಂದೊಡನೆ ಗುಣಮಟ್ಟದ ಪ್ರಶ್ನೆ ಮುಗಿದುಹೋಗುತ್ತದೆ, ಎಷ್ಟು ಟಿಎಂಸಿ ಎಂಬ ಲೆಕ್ಕ ಶುರುವಾಗುತ್ತದೆ. ಒಬ್ಬರಿಗೊಬ್ಬರು ಎದುರು ನಿಲ್ಲುವವರೆಲ್ಲ ಒಂದೇ ಮಾತು ಆಡತೊಡಗಿದರೆ ಆ ಮಾತನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ವಾದ ಇಷ್ಟೇ: ಈ ತೀರ್ಪಿನ ಎರಡನೆಯ ಅರ್ಧಕ್ಕೆ ಪುರಾವೆಯಿದೆ, ಮೊದಲರ್ಧಕ್ಕೆ ಇಲ್ಲ. ಭಾರಲೋಹಗಳ ಮಟ್ಟಿಗೆ ಸೂಪಾ ಜಲಾಶಯ ಎಷ್ಟು ಚೊಕ್ಕಟ ಎಂಬುದನ್ನು ಅದರ ತಿಳಿನೀರು ಹೇಳಲಾರದು. ತಳದ ಹೂಳು ಹೇಳಬೇಕು, ಅದೂ ಆ ಹೂಳನ್ನು ಅದೇ ಕಣಿವೆಯ ಹಳೆಯ ಮಣ್ಣಿನ ಪಕ್ಕದಲ್ಲಿ ಇಟ್ಟು ನೋಡಿದಾಗ.

ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1959ರಿಂದ ಕಾಗದ ತಯಾರಿಸುತ್ತಿದೆ. ಬಿದಿರು, ಕಟ್ಟಿಗೆಯನ್ನು ಬೇಯಿಸಿ ನಾರು ತೆಗೆಯುವಾಗ ಬಿಡುಗಡೆಯಾಗುವ ಲಿಗ್ನಿನ್ ನೀರಿಗೆ ಕಂದು ಬಣ್ಣ ಕೊಡುತ್ತದೆ, ಗಂಧಕದ ಸಂಯುಕ್ತಗಳು ವಾಸನೆ ಕೊಡುತ್ತವೆ. ಕಣ್ಣಿಗೂ ಮೂಗಿಗೂ ಏಕಕಾಲಕ್ಕೆ ಗೊತ್ತಾಗುವ ಮಾಲಿನ್ಯ ಅದು. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಹೊರಡಿಸಿದಾಗ ಕರ್ನಾಟಕದ 17 ಹೆಸರುಗಳಲ್ಲಿ ಕಾಳಿಯೂ ಇತ್ತು. ಗುರುತಿಸಿದ್ದು ದಾಂಡೇಲಿಯ ಭಾಗವನ್ನೇ. ಹೋರಾಟಗಾರರ ಮಾತಿಗೆ ಸರಕಾರಿ ಮುದ್ರೆ ಬಿತ್ತು, ಅದು ಬೀಳಬೇಕಾದದ್ದೂ ಹೌದು.

ಆದರೆ ಆ ಪಟ್ಟಿಯ ಒರೆಗಲ್ಲು ಯಾವುದು ಎಂದು ನೋಡಬೇಕು. ಲೀಟರಿಗೆ 3 ಮಿಲಿಗ್ರಾಂ ದಾಟಿದ ಬಿಒಡಿ. ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಅಳತೆ ಅದು. ನೀರಿಗೆ ಒಂದಿಷ್ಟು ಬೆಲ್ಲ ಕರಗಿಸಿದರೆ ಬಿಒಡಿ ಜಿಗಿಯುತ್ತದೆ. ಅದೇ ನೀರಿಗೆ ಸೀಸದ ಲವಣ ಬೆರೆಸಿದರೆ ಏರುವುದೇ ಇಲ್ಲ, ಸೂಕ್ಷ್ಮಜೀವಿಗಳೇ ಸೊರಗಿ ಅಂಕಿ ಇಳಿದರೂ ಇಳಿಯಬಹುದು. ಹೀಗಾಗಿ ಕಲುಷಿತ ಪಟ್ಟಿಯಲ್ಲಿ ಸೂಪಾದ ಹೆಸರಿಲ್ಲ ಎಂಬುದು ಅಲ್ಲಿ ಭಾರಲೋಹ ಇಲ್ಲ ಎಂಬುದಕ್ಕೆ ಆಧಾರವಾಗದು. ಹಾಗೆಯೇ ದಾಂಡೇಲಿಯ ಕಂದು ಬಣ್ಣವೂ ಭಾರಲೋಹಕ್ಕೆ ಆಧಾರವಾಗದು. ಕ್ಯಾಡ್ಮಿಯಂ, ಪಾದರಸ, ಸೀಸಕ್ಕೆ ನದಿಯಲ್ಲಿ ಸಿಗುವ ಪ್ರಮಾಣದಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 1990ರ ದಶಕದಲ್ಲಿ ಕಾಳಿಯ ಲೋಹಗಳ ಮೇಲೆ ಸಂಶೋಧನಾ ಪ್ರಬಂಧಗಳು ಬಂದವು. ಅವುಗಳ ಶೀರ್ಷಿಕೆಯಲ್ಲೇ ‘ದಾಂಡೇಲಿ ಸುತ್ತಮುತ್ತ’ ಎಂದಿದೆ. ದೀಪ ಹಿಡಿದದ್ದು ಕಾರ್ಖಾನೆ ಇರುವ ಕಡೆಗೆ.

ಲೋಹವನ್ನು ಹುಡುಕಬೇಕಾದ ಜಾಗ ಯಾವುದು ಎಂಬುದನ್ನು ನಮ್ಮ ಜಿಲ್ಲೆಯೇ ಒಮ್ಮೆ ತೋರಿಸಿಕೊಟ್ಟಿದೆ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಕಡಲಲ್ಲಿ ಪಾದರಸ ಎಷ್ಟಿದೆ ಎಂದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳೆದು 1990ರಲ್ಲಿ ಪ್ರಕಟಿಸಿದರು. ಅವರು ನೀರಿಗೆ ನಿಲ್ಲಲಿಲ್ಲ, ತಳದ ಕೆಸರಿಗೂ ಜೀವಿಗಳಿಗೂ ಹೋದರು. ಬಿಣಗಾದ ನೀರನ್ನು ಭರತ ಇಳಿತಗಳು ದಿನಕ್ಕೆರಡು ಸಲ ಬದಲಿಸುತ್ತವೆ, ಕೆಸರು ಹಾಗೆ ಬದಲಾಗುವುದಿಲ್ಲ. ಲೋಹದ ಅಯಾನುಗಳು ಜೇಡಿಯ ಕಣಕ್ಕೆ, ಕೊಳೆತ ಎಲೆಯ ಚೂರಿಗೆ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡಿನ ಮೈಗೆ ಅಂಟಿಕೊಳ್ಳುತ್ತವೆ, ಕಣದ ಜತೆಗೇ ತಳ ಸೇರುತ್ತವೆ. ಲೀಟರ್ ನೀರಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಲೋಹ ಕಿಲೋ ಹೂಳಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುವುದು ಇದರಿಂದ. ಇಂದು ಬೆಳಿಗ್ಗೆ ಬಾಟಲಿಯಲ್ಲಿ ಹಿಡಿದ ನೀರು ಇಂದಿನ ಬೆಳಿಗ್ಗೆಯ ಸುದ್ದಿ ಮಾತ್ರ ಹೇಳುತ್ತದೆ.

ಈಗ ಸೂಪಾಕ್ಕೆ ಬರೋಣ. ಕಾಳಿ ಮತ್ತು ಪಾಂಡರಿ ಕೂಡುವಲ್ಲಿ ಇದ್ದ ಸೂಪಾ ಪೇಟೆ ಮುಳುಗಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿ ರಾಮನಗರಕ್ಕೆ ಹೋದರು. 1987ರಲ್ಲಿ ಕೆಲಸ ಮುಗಿದ ಅಣೆಕಟ್ಟಿನ ಎತ್ತರ 101 ಮೀಟರ್, ಜಲಾಶಯದ ಸಾಮರ್ಥ್ಯ ಸುಮಾರು 147 ಟಿಎಂಸಿ. ಒಳಹರಿವಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಪಾತ್ರೆ. ಅನೇಕ ಮಳೆಗಾಲಗಳಲ್ಲಿ ಅದು ತುಂಬುವುದೇ ಇಲ್ಲ. ಇಂಥ ಜಲಾಶಯದೊಳಗೆ ನೀರು ತಿಂಗಳುಗಟ್ಟಲೆ ನಿಲ್ಲುವುದರಿಂದ ಹೊತ್ತು ತಂದ ಕಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಳಿದು ಕೂರುತ್ತವೆ. ಸೂಪಾದಿಂದ ಹೊರಬರುವ ನೀರು ಅಷ್ಟು ತಿಳಿಯಾಗಿರುವುದಕ್ಕೆ ಕಾರಣವೇ ಇದು, ಮಣ್ಣನ್ನೆಲ್ಲ ಒಳಗೇ ಬಿಟ್ಟು ಬಂದಿರುತ್ತದೆ. ನಾವು ಶುದ್ಧತೆಗೆ ಪುರಾವೆ ಎಂದು ತೋರಿಸುವ ತಿಳಿತನ ತಳದಲ್ಲಿ ಶೇಖರಣೆ ನಡೆಯುತ್ತಿದೆ ಎಂಬುದರ ಲಕ್ಷಣವೂ ಹೌದು.

ಕಾರ್ಖಾನೆಯೇ ಇಲ್ಲದ ಕಾಡಿನಿಂದ ಯಾವ ಲೋಹ ಬರಲು ಸಾಧ್ಯ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಕೇಳುವವರು ಈ ಸೀಮೆಯ ಕಲ್ಲನ್ನು ಮರೆತಿರುತ್ತಾರೆ. ಗೋವಾದಿಂದ ಜೋಯಿಡಾ, ದಾಂಡೇಲಿ, ಯಲ್ಲಾಪುರದ ಕಡೆಗೆ ಹಬ್ಬಿದ ಶಿಲಾಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಹೇರಳವಾಗಿದೆ. ಯಲ್ಲಾಪುರದ ಕಡೆಯ ಬಿಸಗೋಡಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಸಿಗುವುದು ಮ್ಯಾಂಗನೀಸ್ ಗಣಿಗಳಿಂದ. ದಾಂಡೇಲಿಯಲ್ಲಿ ಫೆರೋ ಮ್ಯಾಂಗನೀಸ್ ಕಾರ್ಖಾನೆ ಬಂದದ್ದೂ ಹತ್ತಿರದ ಕಾಡಿನಲ್ಲೇ ಅದಿರು ಸಿಗುತ್ತಿತ್ತು ಎಂಬ ಕಾರಣಕ್ಕೆ. ಗಣಿ ಮುಚ್ಚಿದ ಮೇಲೂ ಅಗೆದು ಗುಡ್ಡೆ ಹಾಕಿದ ಮಣ್ಣು ಮಳೆಗೆ ಕೊಚ್ಚಿ ಹಳ್ಳಕ್ಕೆ ಇಳಿಯುವುದು ನಿಲ್ಲುವುದಿಲ್ಲ. ಗಣಿ ಮುಟ್ಟದ ಗುಡ್ಡದಿಂದಲೂ ಜಂಬಿಟ್ಟಿಗೆ ಮಣ್ಣು ತನ್ನ ಲೋಹವನ್ನು ಹೊತ್ತೇ ಇಳಿಯುತ್ತದೆ.

ಇನ್ನೊಂದು ಮೂಲ ತೋಟ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸದ ಅಡಿಕೆ ತೋಟ ಮಲೆನಾಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ನಾಲ್ಕನೆಯ ಒಂದು ಪಾಲು ತಾಮ್ರ, ಅಂದರೆ ಒಂದು ಡ್ರಮ್ಮಿನಲ್ಲಿ ಸುಮಾರು 250 ಗ್ರಾಂ. ಒಂದು ಮಳೆಗಾಲಕ್ಕೆ ಎರಡು ಮೂರು ಸಲ, ತಲೆಮಾರುಗಳ ಕಾಲ. ತಾಮ್ರ ಕೊಳೆಯುವ ವಸ್ತು ಅಲ್ಲ. ತೋಟದ ಮಣ್ಣಿನಲ್ಲಿ ನಿಂತದ್ದು ಬಿಟ್ಟು ಮಿಕ್ಕದ್ದು ಕಪ್ಪುಗಾಲುವೆ ಹಿಡಿದು ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ. ಇದನ್ನು ಕೃಷಿಕರ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ಬೋರ್ಡೋ ಇಲ್ಲದಿದ್ದರೆ ತೋಟ ಉಳಿಯುತ್ತಿರಲಿಲ್ಲ. ಹಸಿರಾಗಿ ಕಂಡದ್ದೆಲ್ಲ ಲೋಹದಿಂದ ಮುಕ್ತ ಎಂಬ ಎಣಿಕೆ ಸರಿಯಲ್ಲ ಎಂಬುದಷ್ಟೇ ನನ್ನ ಮಾತು.

ಏಪ್ರಿಲ್–ಮೇ ಹೊತ್ತಿಗೆ ಹಿನ್ನೀರು ಇಳಿದಾಗ ಜಲಾಶಯದ ಅಂಚಿಗೆ ಹೋದರೆ ಲೋಹ ಹೂಳಿಗೆ ಸೇರುತ್ತದೆ ಎಂಬ ಮಾತು ಕೈಗೇ ಸಿಗುತ್ತದೆ. ಬಿಸಿಲಿಗೆ ಹೂಳು ಬಿರಿದು ಹೆಂಟೆಯಾಗಿರುತ್ತದೆ. ಒಂದು ಹೆಂಟೆಯನ್ನು ಕಿತ್ತು ಅಡ್ಡಕ್ಕೆ ಮುರಿದು ನೋಡಿ. ಮೇಲೆ ಒಂದು ಬೆರಳಗಲ ತುಕ್ಕಿನ ಕೆಂಪು, ಅದರ ಕೆಳಗೆ ಬೂದು, ಇನ್ನೂ ತೇವ ಉಳಿದ ಬುಡದಲ್ಲಿ ಇದ್ದಿಲಿನಂಥ ಕಪ್ಪು. ಕಪ್ಪು ಭಾಗಕ್ಕೆ ಮೂಗು ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಅದನ್ನು ಬಿಸಿಲಲ್ಲಿ ಬಿಟ್ಟರೆ ಕಪ್ಪು ಹೋಗಿ ಕಂದು ಬಣ್ಣ ಏರುತ್ತದೆ. ನೀರಿನ ಮಟ್ಟ ಏರಿಳಿಯುವ ಪಟ್ಟಿಯಲ್ಲಿರುವ ಕಲ್ಲುಗಳ ಮೇಲೆ ಕಪ್ಪು ಲೇಪವಿರುತ್ತದೆ, ಉಗುರಿನಿಂದ ಕೆರೆದರೆ ಬೆರಳಿಗೆ ಮಸಿ. ತಳದ ರಸಾಯನ ಇಷ್ಟು ಚಿಕ್ಕ ಜಾಗದಲ್ಲಿ ಕಾಣುತ್ತದೆ: ಗಾಳಿ ತಾಗಿದ ಕಡೆ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡಾಗಿ ಗಟ್ಟಿಯಾಗಿ ಕೂತಿವೆ, ಗಾಳಿ ಮುಗಿದ ಕಡೆ ಕಬ್ಬಿಣ ಗಂಧಕದೊಂದಿಗೆ ಸೇರಿ ಕಪ್ಪಾಗಿದೆ.

ಈ ಗಾಳಿಯ ವಿಚಾರ ಬರೀ ಬಣ್ಣದ್ದಲ್ಲ. ಸೂಪಾದಷ್ಟು ಆಳದ, ನಮ್ಮ ಹವೆಯ ಜಲಾಶಯಗಳಲ್ಲಿ ಬೇಸಿಗೆಯಲ್ಲಿ ಮೇಲಿನ ಬೆಚ್ಚನೆಯ ನೀರು ಕೆಳಗಿನ ತಣ್ಣೀರಿನ ಮೇಲೆ ತೇಲಿ ನಿಲ್ಲುತ್ತದೆ, ಎರಡೂ ಬೆರೆಯುವುದಿಲ್ಲ. ಕೆಳಗಿನ ಪದರದ ಆಮ್ಲಜನಕವನ್ನು ಕೊಳೆಯುವ ಎಲೆ, ಮರ ತಿಂದು ಮುಗಿಸುತ್ತವೆ. ಆಗ ಮ್ಯಾಂಗನೀಸ್ ಆಕ್ಸೈಡ್ ಕರಗುತ್ತದೆ. ಕರಗುವಾಗ ತನ್ನ ಮೈಗೆ ಅಂಟಿಸಿಕೊಂಡಿದ್ದ ಕೋಬಾಲ್ಟ್, ನಿಕ್ಕಲ್, ಸತುವನ್ನೂ ಬಿಡುತ್ತದೆ. ಇದರಲ್ಲಿ ಕೆಲವನ್ನು ಗಂಧಕ ಮತ್ತೆ ಹಿಡಿಯುತ್ತದೆ, ಮ್ಯಾಂಗನೀಸನ್ನು ಹಿಡಿಯುವುದು ಕಡಿಮೆ. ವಿದ್ಯುತ್ ಉತ್ಪಾದಿಸಿ ಗಣೇಶಗುಡಿಯಲ್ಲಿ ಹೊರಬರುವ ನೀರು ಜಲಾಶಯದ ಮೇಲ್ಮೈಯದ್ದಲ್ಲ, ಕೆಳಗಿನಿಂದ ಸೆಳೆದದ್ದು. ರಾಫ್ಟಿಂಗಿಗೆ ಇಳಿದವರು ಬೇಸಿಗೆಯಲ್ಲೂ ಹಲ್ಲು ಕಟಕಟ ಎನ್ನುವಷ್ಟು ತಣ್ಣಗಿದೆ ಎಂದು ಹೊಗಳುವುದು ಆಳದ ಆ ನೀರನ್ನು.

ಮ್ಯಾಂಗನೀಸ್ ಎಂದರೆ ಬಟ್ಟೆಗೆ ಕಲೆ ಹಿಡಿಸುವ, ಪೈಪಿನಲ್ಲಿ ಕಿಟ್ಟ ಕಟ್ಟುವ ಉಪದ್ರವ ಎಂದಷ್ಟೇ ಹಿಂದೆ ಎಣಿಸುತ್ತಿದ್ದರು. ನಮ್ಮ ಐಎಸ್ 10500 ಮಾನದಂಡ ಇಂದಿಗೂ ಲೀಟರಿಗೆ 0.1 ಮಿಲಿಗ್ರಾಂ ಎಂದು ಹೇಳಿ, ಬೇರೆ ಮೂಲವಿಲ್ಲದಿದ್ದರೆ 0.3ರ ತನಕ ನಡೆಯುತ್ತದೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2022ರ ಆವೃತ್ತಿಯಲ್ಲಿ 0.08 ಎಂಬ ತಾತ್ಕಾಲಿಕ ಮಿತಿ ಇಟ್ಟಿತು. ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ನರಮಂಡಲದ ಬೆಳವಣಿಗೆ ಅದಕ್ಕೆ ಕಾರಣ. ಈ ಎರಡು ಮಾನದಂಡಗಳ ನಡುವಿನ ಅಂತರ ಮ್ಯಾಂಗನೀಸ್ ನಾಡಿನಲ್ಲಿ ನೀರಿನ ಯೋಜನೆ ಮಾಡುವವರ ಮೇಜಿನ ಮೇಲೆ ಇರಬೇಕು.

ಕಾರ್ಖಾನೆ ಇಲ್ಲದೆಯೂ ಜಲಾಶಯ ವಿಷಕ್ಕೆ ತಿರುಗಿದ ಉದಾಹರಣೆ ಬೇಕೆಂದರೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾ ಗ್ರಾಂಡ್ ನದಿಗೆ ಹೋಗಬೇಕು. 1970ರ ದಶಕದ ಕೊನೆಯಿಂದ ಅಲ್ಲಿ ಸಾಲು ಸಾಲು ಜಲಾಶಯಗಳು ತುಂಬಿದವು. ಮುಳುಗಿದ ಕಾಡಿನ ಮಣ್ಣಿನಲ್ಲಿ ಮೊದಲೇ ಇದ್ದ ಅತ್ಯಲ್ಪ ಪಾದರಸವನ್ನು ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಬದಲಿಸಿದವು. ಅದು ಹುಳದಿಂದ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರಿತು. ಮೀನು ತಿಂದು ಬದುಕುವ ಕ್ರೀ ಜನರಿಗೆ ಮೀನು ಕಡಿಮೆ ಮಾಡಿ ಎಂದು ಹೇಳಬೇಕಾಯಿತು, 1986ರಲ್ಲಿ ಪಾದರಸದ ಬಗ್ಗೆಯೇ ಪ್ರತ್ಯೇಕ ಒಪ್ಪಂದವಾಯಿತು. ಸೂಪಾದಲ್ಲೂ ಹಾಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಮಣ್ಣು ಬೇರೆ, ಹವೆ ಬೇರೆ, ನೀರು ನಿಂತು ನಾಲ್ಕು ದಶಕಗಳಾಗುತ್ತ ಬಂತು. ಆದರೆ ಹಿನ್ನೀರಿನಲ್ಲಿ ಬಲೆ ಬೀಸುವವರಿಗೆ, ಆ ಮೀನನ್ನು ಕೊಂಡು ತಿನ್ನುವವರಿಗೆ, ಮೇಲೆ ಕಾರ್ಖಾನೆ ಇಲ್ಲವಲ್ಲ ಎಂಬ ಸಮಾಧಾನ ಸಾಲದು.

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನ ತಪ್ಪಿನ ಬಗ್ಗೆಯೂ ಖಂಡಿತವಾಗಿ ಹೇಳಬೇಕು, ಏಕೆಂದರೆ ಅದು ಇನ್ನೂ ಬೇಗ ಹರಡುತ್ತದೆ. ಯಾರೋ ನಾಲ್ಕು ಕಡೆ ಕೆಸರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕ್ರೋಮಿಯಂ ಕಿಲೋಗೆ 120 ಮಿಲಿಗ್ರಾಂ ಎಂದು ಬಂತು ಎಂದಿಟ್ಟುಕೊಳ್ಳಿ. ಹೂಳಿನ ಲೋಹಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಮಿತಿ ಇಲ್ಲದ್ದರಿಂದ ಕೆನಡಾದ ಪಟ್ಟಿ ತೆಗೆಯುತ್ತಾರೆ. ಅಲ್ಲಿ ಸಿಹಿನೀರಿನ ಕೆಸರಿಗೆ ಎಚ್ಚರಿಕೆಯ ಅಂಕಿ 37.3. ಮಿತಿಗಿಂತ ಮೂರು ಪಟ್ಟು ವಿಷ ಎಂದು ಮರುದಿನ ಶೀರ್ಷಿಕೆ! ಭೂಮಿಯ ಹೊರಪದರದಲ್ಲಿ ಕ್ರೋಮಿಯಂ ಸರಾಸರಿಯೇ ಕಿಲೋಗೆ ಸುಮಾರು 100 ಮಿಲಿಗ್ರಾಂ. 1961ರಿಂದ ಜಗತ್ತಿನಾದ್ಯಂತ ಹೋಲಿಕೆಗೆ ಬಳಸುತ್ತಿರುವ ಶೇಲ್ ಶಿಲೆಯ ಸರಾಸರಿಯಲ್ಲಿ 90. ಮಳೆ ಲಕ್ಷಾಂತರ ವರ್ಷ ತೊಳೆದು ಸಿಲಿಕಾ ಕಳೆದುಕೊಂಡ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಜತೆ ಕ್ರೋಮಿಯಂ ಇನ್ನೂ ಗಾಢವಾಗಿ ಉಳಿಯುವುದು ಸಹಜ. ಆ 120 ಯಾವ ಕಾರ್ಖಾನೆಯ ಪಾಪವೂ ಆಗಿರಬೇಕಿಲ್ಲ. ಮೇಲಾಗಿ ಅದು ಖನಿಜದ ಹರಳಿನೊಳಗೆ ಬಿಗಿಯಾಗಿದ್ದರೆ ಮೀನಿಗೂ ಸಿಗದು, ಭತ್ತದ ಬೇರಿಗೂ ಸಿಗದು. ಒಟ್ಟು ಲೋಹ ಎಷ್ಟು ಎಂಬುದರ ಜತೆ ಸಡಿಲವಾಗಿ ಬಿಟ್ಟುಕೊಡುವ ಪಾಲು ಎಷ್ಟು ಎಂದೂ ಅಳೆಯದ ವರದಿ ಅರ್ಧ ವರದಿ.

ಲೋಹ ಹೊರಗಿನಿಂದ ಸೇರಿತೋ ಇಲ್ಲೇ ಇತ್ತೋ ಎಂದು ತಿಳಿಯಲು ವಿಜ್ಞಾನಿಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಕಬ್ಬಿಣಕ್ಕೆ ಅನುಪಾತ ಹಿಡಿದು ನೋಡುತ್ತಾರೆ. ಜಂಬಿಟ್ಟಿಗೆ ಸೀಮೆಯಲ್ಲಿ ಆ ಎರಡೂ ತಾವೇ ವಿಪರೀತ ಇರುವುದರಿಂದ ಜಾಗತಿಕ ಸರಾಸರಿ ಇಟ್ಟು ಹಾಕಿದ ಲೆಕ್ಕ ದಾರಿ ತಪ್ಪಿಸುತ್ತದೆ, ನಿಜವಾದ ಮಾಲಿನ್ಯವನ್ನು ಮುಚ್ಚಿಯೂ ಬಿಡಬಹುದು. ಇಲ್ಲಿಯೇ ಸೂಪಾಕ್ಕೆ ಬೇರೆ ಕೆರೆಗಳಿಗಿಲ್ಲದ ಅನುಕೂಲವಿದೆ. ಅದರ ಹೂಳಿನ ಅಡಿಯಲ್ಲಿ ಹಳೆಯ ಗದ್ದೆ, ಅಂಗಳ, ಕಾಡಿನ ನೆಲ ಹಾಗೇ ಇದೆ. ಕೊಳವೆ ಇಳಿಸಿ ಹೂಳಿನ ಕಂಬವನ್ನು ಇಡಿಯಾಗಿ ಎತ್ತಿದರೆ ಬುಡದಲ್ಲಿ ಬೇರು, ಕಲ್ಲಹರಳು ಇರುವ ಆ ಮಣ್ಣು ಬರುತ್ತದೆ. ಅದು ಜಲಾಶಯ ತುಂಬುವುದಕ್ಕಿಂತ ಹಿಂದಿನದು ಎಂಬುದರಲ್ಲಿ ಅನುಮಾನವೇ ಇಲ್ಲ. ಅದರ ಮೇಲಿನ ಪದರಗಳನ್ನು 22 ವರ್ಷ ಅರ್ಧಾಯುಷ್ಯದ ಸೀಸ-210 ಬಳಸಿ ಕಾಲಕ್ಕೆ ಹೊಂದಿಸಬಹುದು. ಕೆಳಗಿನ ಮಣ್ಣಿಗಿಂತ ಮೇಲಿನ ಪದರದಲ್ಲಿ ತಾಮ್ರ ಏರುತ್ತ ಬಂದಿದ್ದರೆ ಅದು ತೋಟದ ಕಡೆ ಬೆರಳು ಮಾಡುತ್ತದೆ. ಮ್ಯಾಂಗನೀಸ್ ಏರಿ ಇಳಿದಿದ್ದರೆ ಗಣಿಯ ವರ್ಷಗಳ ಜತೆ ಇಟ್ಟು ನೋಡಬಹುದು, ತಳದಲ್ಲಿ ಅದು ಕರಗಿ ಮೇಲಕ್ಕೆ ಸರಿಯುವ ಸ್ವಭಾವದ್ದು ಎಂಬ ಎಚ್ಚರದೊಂದಿಗೆ. ಏನೂ ಬದಲಾಗಿಲ್ಲದಿದ್ದರೆ ಸೂಪಾ ಶುದ್ಧ ಎಂಬ ಮಾತಿಗೆ ಮೊದಲ ಸಲ ಆಧಾರ ಸಿಕ್ಕಂತಾಗುತ್ತದೆ, ಅದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಳ್ಳುವವನು ನಾನು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಪ್ರವಾಸೋದ್ಯಮಕ್ಕೆ ಪೆಟ್ಟು ಬೀಳುತ್ತದೆ ಎಂಬುದು ಅಷ್ಟು ತೂಕದ್ದಲ್ಲ. ತೂಕದ ಆಕ್ಷೇಪ ಹೋರಾಟಗಾರ ಮಿತ್ರರದ್ದು: ಮೇಲಿನ ಕಾಡಿನಲ್ಲೂ ಲೋಹ ಇದೆ ಎಂದು ನೀವೇ ಹೇಳಿದರೆ ಕೆಳಗಿನ ಕಾರ್ಖಾನೆಗೆ ನೆಪ ಸಿಗುವುದಿಲ್ಲವೇ? ನಾನು ತಿರುಗಿ ಕೇಳುವುದು ಬೇರೆ. ನಾಳೆ ದಾಂಡೇಲಿಯ ಕೆಳಗಿನ ಬೊಮ್ಮನಹಳ್ಳಿ ಜಲಾಶಯದ ಹೂಳಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಹೆಚ್ಚಾಗಿ ಸಿಕ್ಕರೆ ಅದು ಮೇಲಿನಿಂದ ಬಂದದ್ದು ಎಂದು ಯಾರಾದರೂ ವಾದಿಸಿದಾಗ ನಿಮ್ಮ ಕೈಯಲ್ಲಿ ಯಾವ ಅಂಕಿ ಇರುತ್ತದೆ? ಸೂಪಾದ ಹೂಳು ಅಳೆಯದೆ ದಾಂಡೇಲಿಯ ಹೂಳಿನ ಮೇಲೆ ಮೊಕದ್ದಮೆ ನಿಲ್ಲುವುದಿಲ್ಲ. ಇದೇ ನದಿಯ ಕೆಳಭಾಗದಲ್ಲಿ ಕೈಗಾ ಅಣುಸ್ಥಾವರ ಶುರುವಾಗುವ ಮೊದಲೇ ಸುತ್ತಲಿನ ಮಣ್ಣು, ನೀರಿನ ವಿಕಿರಣ ಅಳೆದು ದಾಖಲಿಸಿದರು, ಸ್ಥಾವರದ ಪಕ್ಕದ ಕದ್ರಾ ಜಲಾಶಯದ ಕೆಸರಿನ ಮಾದರಿಗಳು ಇಂದಿಗೂ ಪರೀಕ್ಷೆಗೆ ಹೋಗುತ್ತವೆ. ಅಣುಸ್ಥಾವರವನ್ನು ವಿರೋಧಿಸುವವರೂ ಬೆಂಬಲಿಸುವವರೂ ಆ ಅಂಕಿಗಳ ಮೇಲೇ ವಾದ ಮಾಡುತ್ತಾರೆ. ಅಂಥ ನೆಲೆ ಸೂಪಾದ ಲೋಹಗಳಿಗೂ ಬೇಕು. ಅಣೆಕಟ್ಟು ಕರ್ನಾಟಕ ವಿದ್ಯುತ್ ನಿಗಮದ್ದು, ಕಾಳಿಯ ಮುಖದಲ್ಲಿರುವ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ದೋಣಿ, ಕೊಳವೆ, ಉಪಕರಣ, ತಿಳಿದವರು ಎಲ್ಲ ನದಿಯ ದಡದಲ್ಲೇ ಇರುವಾಗ ದೂರದ ಸಂಸ್ಥೆಗೆ ಕಾಯಬೇಕಾಗಿಲ್ಲ.

ತುರ್ತು ಇರುವುದು ಹಳಿಯಾಳದ ಕಡೆ. ಕಾಳಿಯಿಂದ ನೀರೆತ್ತಿ ಅಲ್ಲಿಯ ಕೆರೆ ತುಂಬಿಸಬೇಕೆಂದು ರೈತರು ವರ್ಷಗಟ್ಟಲೆ ಹೋರಾಡಿದರು, ಅವರ ಬೇಡಿಕೆ ನ್ಯಾಯದ್ದು. ಆದರೆ ಕರಗಿದ ಮ್ಯಾಂಗನೀಸ್ ಇರುವ ನೀರು ತೆಳುವಾದ, ಗಾಳಿ ಬೆಳಕು ಚೆನ್ನಾಗಿ ಸಿಗುವ ಕೆರೆಗೆ ಬಂದರೆ ನಿಧಾನವಾಗಿ ಮತ್ತೆ ಆಕ್ಸೈಡಾಗಿ ತಳಕ್ಕೆ ಕೂರುತ್ತದೆ, ಜತೆಗಾರ ಲೋಹಗಳನ್ನು ಮತ್ತೆ ಹಿಡಿದು ಕೂರುತ್ತದೆ. ಹಳಿಯಾಳ, ಮುಂಡಗೋಡಿನ ಕೆರೆಗಳ ಹೂಳು ಕೆರೆಯಲ್ಲೇ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಜೆಸಿಬಿ ಇಳಿಯುತ್ತದೆ, ಟ್ರ್ಯಾಕ್ಟರುಗಳು ಸಾಲು ನಿಲ್ಲುತ್ತವೆ, ಗೋಡು ಮಣ್ಣು ಭತ್ತದ ಗದ್ದೆಗೆ, ಕಬ್ಬಿಗೆ, ಮೆಕ್ಕೆಜೋಳದ ಹೊಲಕ್ಕೆ ಹೋಗುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವಾಗ ಆ ಮಣ್ಣಿನ ಲೋಹ ಎಷ್ಟು, ಅದನ್ನು ಹೊಲಕ್ಕೆ ಹಾಕಬಹುದೇ ಎಂಬ ಪ್ರಶ್ನೆ ಎದ್ದದ್ದು ಕೆರೆ ಕೆಟ್ಟು ಬೆಂಕಿ ಹೊತ್ತಿಕೊಂಡ ಮೇಲೆ. ನಮ್ಮ ಕೆರೆಗಳಿಗೆ ಹೊಸದಾಗಿ ನದಿಯ ನೀರು ಈಗಷ್ಟೇ ಸೇರುತ್ತಿದೆ. ಇಂದಿನ ಹೂಳನ್ನು ಅಳೆದು ಬರೆದಿಟ್ಟರೆ ಹತ್ತು ವರ್ಷದ ನಂತರದ ಹೂಳನ್ನು ಹೋಲಿಸಲು ನೆಲೆ ಇರುತ್ತದೆ. ಹೂಳೆತ್ತುವ ಅಂದಾಜು ಪಟ್ಟಿಯಲ್ಲಿ ಎಷ್ಟು ಘನ ಮೀಟರ್, ಎಷ್ಟು ದೂರ ಸಾಗಣೆ ಎಂಬ ಬಾಬತ್ತುಗಳ ಜತೆ ಮಣ್ಣಿನ ತಾಮ್ರ, ಸೀಸ, ಕ್ಯಾಡ್ಮಿಯಂ, ಮ್ಯಾಂಗನೀಸ್ ಪರೀಕ್ಷೆಯ ಬಾಬತ್ತನ್ನೂ ಸೇರಿಸಿ, ಆ ವರದಿಯನ್ನು ಟ್ರ್ಯಾಕ್ಟರ್ ತುಂಬಿಸುವ ಮೊದಲು ಗ್ರಾಮ ಪಂಚಾಯತಿಯ ಫಲಕಕ್ಕೆ ಹಚ್ಚುವಂತೆ ಹಳಿಯಾಳ ಮತ್ತು ಮುಂಡಗೋಡಿನ ರೈತ ಸಂಘಟನೆಗಳು ಈ ವರ್ಷದಿಂದಲೇ ಪಟ್ಟು ಹಿಡಿಯಬೇಕು.